ಕಷಾಯ ಕುಡಿದ ಮೇಲೆ ನಿಂತ ನೋವು

2007ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮರುವಾರ, ಉಗಾರ ಬುದ್ರುಕದ ಹೊರಗಿನ ಒಂದು ತೋಟದ ಮನೆಯಲ್ಲಿ ನನ್ನ ತಂಗಿಗೆ ಮಧ್ಯಾಹ್ನದ ಊಟವಾದ ಮೇಲೆ ಹೊಟ್ಟೆನೋವು ಶುರುವಾಯಿತು. ಅವಳಿಗೆ ಒಂಬತ್ತು ತಿಂಗಳು ತುಂಬುತ್ತ ಬಂದಿತ್ತು. ಎರಡನೆಯ ಬಸಿರು. ಆ ಚಳಿಗಾಲದಲ್ಲಿ ಹಾಗೆ ನೋವು ಬಂದದ್ದು ಅದು ಮೂರನೆಯ ಸಲ.

ಮೊದಲಿನ ಎರಡು ಸಲ ಬಂದದ್ದು ಹೆರಿಗೆ ನೋವಾಗಿರಲಿಲ್ಲ. ಎರಡೂ ಸಲ ಮನೆಯವರು ಜೀಪು ಹತ್ತಿ ಶೇಡಬಾಳ, ಕಾಗವಾಡ ದಾಟಿ ಮಿರಜ್‌ಗೆ ಓಡಿದ್ದರು. ಎರಡೂ ಸಲ ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ನೋವು ಇಳಿದಿತ್ತು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಸ್ವಲ್ಪ ಹೊತ್ತು ಮಲಗಿಸಿ, ಮನೆಗೆ ಕಳಿಸಿದ್ದರು. ಎರಡನೆಯ ಸಲ ನಾನೂ ಜೊತೆಗಿದ್ದೆ. ಅಂದು ಡಾಕ್ಟರಮ್ಮ ಹೇಳಿದ ಮಾತನ್ನು ನಾನು, ತಂಗಿ, ತಂಗಿಯ ಅತ್ತೆ ಮೂವರೂ ಕೇಳಿದ್ದೇವೆ.

"ಹೊಟ್ಟಿ ಮ್ಯಾಲ ಹಿಂದಿನ ಹೊಲಿಗಿ ಐತಿ. ಬ್ಯಾರೇದವರಂಗ ಮನ್ಯಾಗ ಕುಂತು ಖರೇ ಬ್ಯಾನಿನೋ ಸುಳ್ಳ ಬ್ಯಾನಿನೋ ಅಂತ ನೀವು ನೋಡಬ್ಯಾಡ್ರಿ. ಹತ್ತ ಸಲಾ ಸುಳ್ಳಾದ್ರೂ ಹತ್ತ ಸಲಾ ಬರ್ರಿ."

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅತ್ತೆ ನನಗೆ ಹೇಳಿದರು: "ಹತ್ತ ಸಲಾ ಬರ್ರಿ ಅನ್ನಾಕ ಅಕೀಗೇನ್ರಿ ಅಕ್ಕಾರ. ಕಬ್ಬು ಅಕೀದಲ್ಲ."

ನಾನು ಆಗ ಬೆಳಗಾವಿಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸಕ್ಕಿದ್ದೆ. ತಂಗಿಗಾಗಿ ರಜೆ ಹಾಕಿ ಬಂದಿದ್ದೆ. ಬರಬೇಕಾದವಳು ಅವ್ವ. ಆದರೆ ತಂಗಿಯ ಮೊದಲ ಮಗಳು ಚಿಕ್ಕೋಡಿಯಲ್ಲಿ ನಮ್ಮ ಮನೆಯಲ್ಲಿದ್ದಳು. ಅವಳನ್ನು ನೋಡಿಕೊಳ್ಳಲು ಅವ್ವ ಅಲ್ಲೇ ಉಳಿದಳು.

ನಮ್ಮ ಕಡೆ ಚೊಚ್ಚಲು ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ. ಇದನ್ನು ಯಾರೂ ಚರ್ಚಿಸುವುದಿಲ್ಲ. ತಂಗಿಯ ಚೊಚ್ಚಲು ಹೆರಿಗೆಯಲ್ಲಿ ಕೂಸು ಅರ್ಧಕ್ಕೆ ಬಂದು ನಿಂತು, ಆಪರೇಷನ್ ಮಾಡಿ ತೆಗೆದಿದ್ದರು. ಆ ಗಾಯ ಒಣಗುವವರೆಗೆ ಅವಳನ್ನು ಎಬ್ಬಿಸಿ ಕೂರಿಸಿದವರು, ಮುಲಾಮು ಹಚ್ಚಿದವರು ಅವ್ವ ಮತ್ತು ನಾನು. ಬೀಗರು ಬಂದಾಗ ಕೂಸು ತೊಟ್ಟಿಲಲ್ಲಿತ್ತು. ತಂಗಿ ಹೊಸ ಸೀರೆ ಉಟ್ಟು ಗೋಡೆಗೆ ಒರಗಿ ಕುಳಿತಿದ್ದಳು. ಅವರು ಕೂಸಿಗೆ ಬೆಳ್ಳಿ ಕಡಗ ತೊಡಿಸಿ, ಊಟ ಮಾಡಿ ಹೋದರು. ಗಾಯವನ್ನು ಅವರು ನೋಡಿರಲಿಲ್ಲ. ಎರಡನೆಯ ಹೆರಿಗೆ ಅವರ ಮನೆಯ ಪಾಲಿಗೆ ಬಂತು.

ಅತ್ತೆ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ತೋಟ, ಇಬ್ಬರು ಗಂಡುಮಕ್ಕಳು ಎಲ್ಲವನ್ನೂ ತಾವೇ ನಡೆಸಿದವರು. ಹಿರಿಯ ಮಗ ತಂಗಿಯ ಗಂಡ. ಕಿರಿಯವನು ಅಥಣಿಯಲ್ಲಿ ಕಾಲೇಜು ಓದುತ್ತಿದ್ದ. ಅತ್ತೆ ತಮ್ಮ ಮಕ್ಕಳನ್ನೆಲ್ಲ ಆ ತೋಟದ ಮನೆಯ ನಡುಮನೆಯಲ್ಲೇ ಹೆತ್ತಿದ್ದರು. ಸುತ್ತಲಿನ ತೋಟಗಳಲ್ಲಿ ಯಾವ ಸೊಸೆಗೆ ನೋವು ಬಂದರೂ ಅವರನ್ನು ಕರೆಯುತ್ತಿದ್ದರು. ಸೂಲಗಿತ್ತಿಯ ಕೆಲಸ ಅವರದಲ್ಲ. ಅವರು ಹೋಗುತ್ತಿದ್ದುದು ನೋವು ಸುಳ್ಳೋ ಖರೆಯೋ ಎಂದು ಹೇಳಲು ಮಾತ್ರ.

ನಾನು ಬಂದ ಹೊಸತರಲ್ಲಿ ಅಂಗಳದಲ್ಲಿ ಅವರೇಕಾಯಿ ಸುಲಿಯುತ್ತ ಅದನ್ನು ನನಗೆ ವಿವರಿಸಿದ್ದರು.

"ಸುಳ್ಳ ಬ್ಯಾನಿ ಹೊಟ್ಟಿ ಮುಂದಷ್ಟ ಬರತೈತ್ರಿ. ಖರೇದು ಟೊಂಕದಾಗಿಂದ ಎದ್ದು ಸುತ್ತ ಹಾಕಿ ಮುಂದ ಬರತೈತಿ. ಸುಳ್ಳದ್ದು ಅಡ್ಡಾಡಿದ್ರ ಹೋಗತೈತಿ, ಮಗ್ಗಲಾ ಬದಲಿ ಮಾಡಿದ್ರ ಹೋಗತೈತಿ. ಖರೇದು ಹೋಗೂದಿಲ್ಲ, ಜೋರ ಆಗತೈತಿ."

"ಆಗೂ ಗೊತ್ತಾಗಲಿಲ್ಲಂದ್ರ?"

"ಜೀರಿಗಿ ಐತೆಲ್ಲಾ. ಹುರದು, ಬೆಲ್ಲಾ ಹಾಕಿ ಕಷಾಯ ಕುದಿಸಿ ಕುಡಸೂದು. ಸುಳ್ಳಿದ್ರ ಕುಂದರತೈತಿ. ಖರೇ ಇದ್ರ ಏಳತೈತಿ. ಇವತ್ತಿನತನಾ ತಪ್ಪಿಲ್ಲ." ಸಿಪ್ಪೆ ಕೊಡವಿ ನನ್ನ ಮುಖ ನೋಡಿದರು. "ನಿಮ್ಮ ಪೇಪರದಾಗ ಬರದದ್ದರ ಎಲ್ಲಾ ಖರೇ ಇರತೈತೇನ್ರಿ ಅಕ್ಕಾರ?"

"ಹೌದ್ರಿ ಅತ್ತಿ, ಪಂಚಾಂಗ ಬಿಟ್ಟು," ಎಂದೆ.

"ಪಂಚಾಂಗನs ನಾ ಓದೂದು," ಎಂದು ನಕ್ಕರು.

ತಂಗಿಯೂ ನಕ್ಕಳು. ನಗುವಾಗ ಒಂದು ಕೈ ಹೊಟ್ಟೆಯ ಕೆಳಗೆ, ಹೊಲಿಗೆಯ ಗೆರೆ ಇದ್ದ ಕಡೆ ಇತ್ತು. ಅದು ಅವಳಿಗೆ ರೂಢಿಯಾಗಿತ್ತು.

ಆ ಮನೆಯ ಇನ್ನೊಂದು ನಿಯಮವನ್ನೂ ಇಲ್ಲಿ ಹೇಳಬೇಕು. ಹೊತ್ತು ಮುಳುಗಿದ ಮೇಲೆ ಅಲ್ಲಿ ಊಟವಿಲ್ಲ. ನಾವೂ ಜೈನರೇ. ನಮ್ಮ ಮನೆಯಲ್ಲೂ ಆ ನಿಯಮ ಇದೆ, ಸ್ವಲ್ಪ ಸಡಿಲವಾಗಿ. ಅತ್ತೆ ನೀರನ್ನೂ ಮುಟ್ಟುತ್ತಿರಲಿಲ್ಲ. ಬಸುರಿಗೆ ರಿಯಾಯಿತಿ ಇದೆ ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ತಂಗಿ ಆ ರಿಯಾಯಿತಿ ತೆಗೆದುಕೊಂಡಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ಅವಳು ಸಂಜೆಯ ನಂತರ ನೀರು ಕೇಳಿದ್ದನ್ನು ಯಾರೂ ಕಂಡಿರಲಿಲ್ಲ.

ಇನ್ನು ಕಬ್ಬಿನ ವಿಷಯ. ಸಕ್ಕರೆ ಕಾರ್ಖಾನೆ ಹಚ್ಚಿಕೊಡುವ ಕಬ್ಬು ಕಡಿಯುವ ಪಾಳಿ ಆ ವರ್ಷ ಅವರಿಗೆ ಒಮ್ಮೆ ಬಂದು ಹೋಗಿತ್ತು. ನಾವು ಎರಡನೆಯ ಸಲ ಮಿರಜ್‌ಗೆ ಹೋದ ದಿನವೇ ಕಡಿಯುವವರ ಗ್ಯಾಂಗು ಬಂದಿತ್ತು. ಗ್ಯಾಂಗಿನ ಮುಖ್ಯಸ್ಥನನ್ನು ಮುಕಾದಮ ಅನ್ನುತ್ತಾರೆ. ಮುಕಾದಮ ಬಂದು ನೋಡಿದಾಗ ಮನೆಗೆ ಬೀಗ ಹಾಕಿತ್ತು. ಯಾವ ಕಡೆಯಿಂದ ಕೊಯ್ಲು ಹಿಡಿಯಬೇಕು, ಟ್ರೇಲರ್ ಎಲ್ಲಿ ನಿಲ್ಲಿಸಬೇಕು ಎಂದು ಹೇಳುವವರಿರಲಿಲ್ಲ. ಅವನು ಕಾಯಲಿಲ್ಲ. ಗ್ಯಾಂಗನ್ನು ಪಕ್ಕದ ತೋಟಕ್ಕೆ ಇಳಿಸಿದ. ನಾವು ಸಂಜೆ ಮರಳಿದಾಗ ಪಕ್ಕದವರ ಕಬ್ಬು ನೆಲಕ್ಕೆ ಮಲಗಿತ್ತು, ನಮ್ಮವರದು ನಿಂತಿತ್ತು. ಮುಂದಿನ ಪಾಳಿ ಬರುವವರೆಗೆ ಅದು ಬಿಸಿಲಿಗೆ ಒಣಗಿ ಹಗುರಾಗುತ್ತ ಹೋಯಿತು. ಕಾರ್ಖಾನೆ ದುಡ್ಡು ಕೊಡುವುದು ತೂಕಕ್ಕೆ.

ಜೀಪಿನಿಂದ ಇಳಿದು ತಂಗಿ ಅದನ್ನೆಲ್ಲ ನೋಡಿದಳು. ಅವಳ ಗಂಡ ನೇರ ಹೊಲಕ್ಕೆ ನಡೆದ. ಅತ್ತೆ ಬಾಗಿಲ ಬೀಗ ತೆಗೆಯುತ್ತ, ಬೈಗುಳವಲ್ಲದ ದನಿಯಲ್ಲಿ ಅಂದರು: "ಮುಂದಿನ ಸಲಾ ಮೊದಲ ಜೀರಿಗಿ, ಆಮ್ಯಾಲ ಜೀಪು."

ಅದಾದ ಮೇಲೆ ಬಾವಿಯ ಕಡೆ ಸಿಕ್ಕ ಹೆಂಗಸರು ಅವಳನ್ನು ಕಾಡಲು ಶುರು ಮಾಡಿದರು. "ಏನ ಬೇ, ಮಿರಜ್‌ಕ ಸಂತಿಗಿ ಹೋಗಿದ್ದೇನು?" "ಇನ್ನೊಮ್ಮಿ ಹೋಗುವಾಗ ನನಗೊಂದು ಸೀರಿ ತಗೊಂಡ ಬಾ." ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ತಂಗಿ ತಾನೂ ನಕ್ಕು ಉತ್ತರ ಕೊಡುತ್ತಿದ್ದಳು. ಒಳಗೆ ಬಂದು ನನ್ನ ಹತ್ತಿರ ಬೇರೆ ಮಾತು ಆಡಿದಳು.

"ಅಕ್ಕಾ, ಮೂರನೇದೂ ಸುಳ್ಳಾತಂದ್ರ ನಾ ಈ ಮನ್ಯಾಗ ಮುಖಾ ಹ್ಯಾಂಗ ತೋರಸ್ಲಿ?"

ಮರುಪಾಳಿ ಬಂದದ್ದು ಸಂಕ್ರಾಂತಿಯ ನಂತರ. ಬೆಳಿಗ್ಗೆ ಗ್ಯಾಂಗು ತೋಟಕ್ಕೆ ಇಳಿಯಿತು. ಗಂಡಸರೂ ಹೆಂಗಸರೂ ಬೀಡ ಜಿಲ್ಲೆಯ ಕಡೆಯವರು, ಮರಾಠಿ ಮಾತಾಡುವವರು. ತಂಗಿಯ ಗಂಡ ಬೆಳಗಿನಿಂದ ಹೊಲದಲ್ಲೇ ಇದ್ದ. ಹಿಂದಿನ ದಿನ ಕೊಯ್ಲಾಗಿದ್ದ ಆಚೆಯ ಹೊಲದಲ್ಲಿ ಒಣಗಿದ ಸೋಗೆಗೆ, ಅಲ್ಲಿಯವರು ರವದಿ ಅನ್ನುತ್ತಾರೆ, ಬೆಂಕಿ ಹಚ್ಚಿದ್ದರು. ಕಪ್ಪು ಬೂದಿಯ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಅಂಗಳದ ಹಗ್ಗಕ್ಕೆ ಹಾಕಿದ ಬಟ್ಟೆಗಳ ಮೇಲೆ ಬೀಳುತ್ತಿದ್ದವು. ಮಧ್ಯಾಹ್ನ ಊಟವಾದ ಮೇಲೆ ತಂಗಿ ಕೂಸಿಗೆಂದು ಒಗೆದು ಹಾಕಿದ್ದ ಹಳೆಯ ಸೀರೆಯ ತುಂಡುಗಳನ್ನು ಒಂದೊಂದಾಗಿ ತೆಗೆದು ಝಾಡಿಸಿ ಒಳಗೆ ಒಯ್ಯುತ್ತಿದ್ದಳು. ಮೂರನೆಯದೋ ನಾಲ್ಕನೆಯದೋ ತುಂಡು ತೆಗೆಯುವಾಗ ಕೈ ಹಗ್ಗದ ಮೇಲೆ ಹಾಗೇ ನಿಂತಿತು.

"ಏನಾತು?" ಎಂದೆ.

"ಏನಿಲ್ಲ."

ಸ್ವಲ್ಪ ಹೊತ್ತಿಗೆ ಮತ್ತೆ ನಿಂತಳು. ಈ ಸಲ ಟೊಂಕದ ಮೇಲೆ ಕೈ ಇಟ್ಟಿದ್ದಳು.

"ಹಿಂದಿಂದ ಬರಾಕತ್ತೈತೇನು?"

"ಯಾರಿಗೂ ಹೇಳಬ್ಯಾಡ," ಎಂದಳು. "ಒಂದ ಟ್ರೇಲರ್ ತುಂಬಲಿ."

ನಾನು ಹೇಳಿದೆ. ಹೊಲದ ಬದುವಿನವರೆಗೆ ಹೋಗಿ ತಂಗಿಯ ಗಂಡನನ್ನು ಕರೆದು, ನೋವು ಬರುತ್ತಿದೆ, ಟೊಂಕದಿಂದ ಬರುತ್ತಿದೆ, ಮಿರಜ್‌ಗೆ ಹೋಗಬೇಕು ಎಂದೆ. ಅವನ ಹಿಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ನಿಂತಿತ್ತು. ಗ್ಯಾಂಗಿನ ಗಂಡಸರು ಕಬ್ಬಿನ ಹೊರೆ ತಲೆಯ ಮೇಲೆ ಹೊತ್ತು, ಏಣಿಯಂತೆ ಇಟ್ಟ ಹಲಗೆಯ ಮೇಲೆ ಹತ್ತಿ ಟ್ರೇಲರಿನಲ್ಲಿ ಒಟ್ಟುತ್ತಿದ್ದರು.

"ಅಕ್ಕಾರ, ಅವ್ವಗ ಕೇಳ್ರಿ," ಎಂದ. "ಅವ್ವ ಹೂಂ ಅಂದ್ರ ನಾ ಈಗಿಂದೀಗ ಬರ್ತೀನಿ."

ಅತ್ತೆ ತಂಗಿಯನ್ನು ಒಳಗೆ ಮಲಗಿಸಿ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಒಂದು ನೋವು ಬಂದು ಹೋಗುವವರೆಗೆ ಹಾಗೇ ಕೂತರು. ಇನ್ನೊಂದು ಬಂದು ಹೋಗುವವರೆಗೂ ಕೂತರು. ಆಮೇಲೆ ಬಾಗಿಲಿಗೆ ಬಂದು ಸೂರ್ಯನನ್ನು ನೋಡಿದರು. ಅದು ಪಶ್ಚಿಮಕ್ಕೆ ವಾಲಿತ್ತು.

"ಖರೇದು ಇದ್ದಂಗ ಐತಿ. ಆದ್ರ ಹ್ವಾದ ಸಲಾನೂ ಹಿಂಗs ಇತ್ತು," ಎಂದರು. "ಹೊತ್ತ ಮುಳಗೂದ್ರೊಳಗ ಕಷಾಯ ಕೊಡೂನು. ಆಮ್ಯಾಲ ಅಕಿ ಏನೂ ಕುಡಿಯೂದಿಲ್ಲ."

"ಅತ್ತಿ, ಡಾಕ್ಟರ್ ಮನ್ಯಾಗ ನೋಡಬ್ಯಾಡ್ರಿ ಅಂದಿದ್ರು," ಎಂದೆ.

"ಅಂದಿದ್ರು," ಎಂದು ಅತ್ತೆ ಒಪ್ಪಿಕೊಂಡರು. "ಇಲ್ಲ ಅನ್ನೂದಿಲ್ಲ. ಅರ್ಧಾ ತಾಸಿನ ಮಾತು."

ಹೆಣ್ಣಿನ ಕಡೆಯವರು ಬೀಗರ ಮನೆಯಲ್ಲಿ ಒಂದು ಮಾತನ್ನು ಒಮ್ಮೆ ಹೇಳಬಹುದು. ಎರಡನೆಯ ಸಲ ಹೇಳಿದರೆ ಅದರ ಭಾರವನ್ನು ಆ ಮನೆಯಲ್ಲಿ ಉಳಿಯುವ ಹೆಣ್ಣುಮಗಳು ಹೊರಬೇಕಾಗುತ್ತದೆ. ನಾನು ತಂಗಿಯ ಕಡೆ ನೋಡಿದೆ. ಹಾಸಿಗೆಯಿಂದಲೇ ಅವಳು ಹೇಳಿದಳು: "ಅತ್ತಿ, ಕಷಾಯ ಕೊಡ್ರಿ. ನಾ ಕುಡೀತೀನಿ."

ಜೀರಿಗೆ ಹುರಿದ ವಾಸನೆ ಮನೆಯ ತುಂಬ ಬಂತು. ಹಿತ್ತಾಳೆ ಬಟ್ಟಲಿನಲ್ಲಿ ಬಿಸಿಯಾಗಿ ತಂದದ್ದನ್ನು ತಂಗಿ ಊದಿ ಊದಿ ಕುಡಿದಳು. ಅತ್ತೆ ಅವಳ ರಟ್ಟೆ ಹಿಡಿದು ನಡುಮನೆಯಿಂದ ಅಂಗಳಕ್ಕೆ, ಅಂಗಳದಿಂದ ನಡುಮನೆಗೆ ಅಡ್ಡಾಡಿಸಿದರು. ನಾನು ಹಿಂದೆ ಇದ್ದೆ. ನೋವು ಕಡಿಮೆಯಾಗಲಿಲ್ಲ. ಪ್ರತಿ ಸಲ ಬಂದಾಗಲೂ ತಂಗಿ ಕಂಬ ಹಿಡಿದು, ಹಣೆಯನ್ನು ಕಂಬಕ್ಕೆ ಒತ್ತಿ ನಿಲ್ಲುತ್ತಿದ್ದಳು.

"ಏಳಾಕತ್ತೈತಿ," ಎಂದರು ಅತ್ತೆ. ನನ್ನ ಕಡೆ ತಿರುಗಿ, "ಖರೇದ ಐತ್ರಿ ಅಕ್ಕಾರ, ಜೀಪಿನವಗ ಹೇಳಿ ಕಳಸೂನು," ಎಂದರು.

ಆ ಮಾತು ಮುಗಿಯುವ ಮೊದಲೇ ತಂಗಿ ಕಂಬವನ್ನು ಎರಡೂ ಕೈಯಿಂದ ಅಪ್ಪಿಕೊಂಡು ಕೂಗಿದಳು. ಒಂದೇ ಕೂಗು, ಗಿಡ್ಡದ್ದು. ಆಮೇಲೆ ಮೆಲ್ಲಗೆ ಕಂಬದ ಬುಡಕ್ಕೆ ಜಾರಿ ಕುಳಿತಳು.

"ಏನೋ ಹರದಂಗಾತು," ಎಂದಳು.

ನಾವು ಮುಂದಿನ ನೋವಿಗಾಗಿ ಕಾದೆವು. ಅದು ಬರಲಿಲ್ಲ. ಹೊಲದಲ್ಲಿ ಒಂದು ಟ್ರೇಲರ್ ತುಂಬಿ, ಎರಡನೆಯದಕ್ಕೆ ಹಲಗೆ ಹಾಕಿದ ಸದ್ದು ಕೇಳಿಸಿತು. ಆಗಲೂ ಬರಲಿಲ್ಲ. ತಂಗಿಯ ಮುಖದ ಬಿಗುವು ಸಡಿಲಾಗಿತ್ತು.

"ನಿಂತ್ವೇನು?" ಎಂದು ಅತ್ತೆ ಕೇಳಿದರು.

"ನಿಂತಂಗ ಆಗೈತ್ರಿ."

ಅತ್ತೆ ಉಸಿರು ಬಿಟ್ಟರು. "ವಾಯು ಆಗಿತ್ತವಾ. ಜೀರಿಗಿಗಿ ಹರದು ಹೋತು." ಅವಳ ಕೂದಲು ಸರಿ ಮಾಡಿ ನನ್ನ ಕಡೆ ನೋಡಿದರು. "ನೋಡಿದ್ರಿ? ಈಗ ಜೀಪ ಕಟಗೊಂಡು ಹೋಗಿದ್ರ ಶೇಡಬಾಳದಾಗ ಬ್ಯಾನಿ ನಿಲ್ತಿದ್ವು. ಮುಕಾದಮ ಮತ್ತ ಹೊಳ್ಳಿ ಹೋಗ್ತಿದ್ದ."

ತಂಗಿ ನಗಲು ನೋಡಿದಳು. "ಮೂರನೇದೂ ಸುಳ್ಳ," ಎಂದಳು.

ಅವಳನ್ನು ನಡುಮನೆಯಲ್ಲಿ ಮಲಗಿಸಿದೆವು. ಅತ್ತೆ ಹೊತ್ತು ಮುಳುಗುವ ಮೊದಲೇ ತಮ್ಮ ಊಟ ಮುಗಿಸಿ, ಕೈ ತೊಳೆದು, ಜಪದ ಸರ ಹಿಡಿದು ಕಟ್ಟೆಯ ಮೇಲೆ ಕೂತರು. ತಂಗಿಯ ಗಂಡ ಒಮ್ಮೆ ಬಂದು ಬಾಗಿಲಲ್ಲಿ ನಿಂತು ಕೇಳಿ, ನೋವು ನಿಂತಿತೆಂದು ತಿಳಿದು, ಮತ್ತೆ ಹೊಲಕ್ಕೆ ಹೋದ. ತುಂಬಿದ ಟ್ರ್ಯಾಕ್ಟರ್ ಹೊಲದಿಂದ ಹೊರಬಂದು ಮನೆಯ ಮುಂದಿನ ದಾರಿಗೆ ಏರುತ್ತಿತ್ತು. ತೋಟದಿಂದ ಡಾಂಬರು ರಸ್ತೆಗೆ ಇರುವುದು ಅದೊಂದೇ ದಾರಿ. ಒಂದು ಗಾಡಿಯ ಅಗಲದ್ದು, ಎರಡೂ ಕಡೆ ಕಾಲುವೆ.

ನಾನು ತಂಗಿಯ ಪಕ್ಕ ಕೂತಿದ್ದೆ. ಸೂರ್ಯ ಮುಳುಗಿ ಬೆಳಕು ಇನ್ನೂ ಉಳಿದಿತ್ತು. ಅವಳು ಮಲಗಿದವಳು ಎದ್ದು ಕೂತಳು, ಕೂತವಳು ಮತ್ತೆ ಮಲಗಿದಳು. ಯಾವ ಮಗ್ಗುಲಿಗೂ ಸರಿ ಹೋಗಲಿಲ್ಲ. ಬಲಗೈಯನ್ನು ಎಡ ಭುಜದ ಮೇಲೆ ಇಟ್ಟು ಒತ್ತಿಕೊಳ್ಳುತ್ತಿದ್ದಳು.

"ಕಂಬಾ ಹಿಡದದ್ದಕ್ಕ ಇರಬೇಕು, ಭುಜ ನೋಯಾಕತ್ತೈತಿ," ಎಂದಳು.

"ಹೊಟ್ಟಿ?"

"ಹೊಟ್ಟಿ ಬಂದು ಹೋಗಿ ಮಾಡವಲ್ದು. ಒಂದs ಸವನ ನೋಯಾಕತ್ತೈತಿ, ಸಣ್ಣಗ."

"ಕೂಸು ಆಡಾಕತ್ತೈತೇನು?"

ಅವಳು ಹೊಟ್ಟೆಯ ಒಂದು ಕಡೆ ಕೈ ಇಟ್ಟು ನೋಡಿದಳು, ಇನ್ನೊಂದು ಕಡೆ ಇಟ್ಟು ನೋಡಿದಳು. ಜನವರಿಯ ಆ ಹೊತ್ತಿಗೆ ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತದೆ. ನನ್ನ ಮೈಮೇಲೆ ಶಾಲು ಇತ್ತು. ಅವಳ ಹಣೆಯ ಮೇಲೆ, ಮೇಲ್ದುಟಿಯ ಮೇಲೆ ಬೆವರು ಇತ್ತು. ಒರೆಸಿದರೆ ತಣ್ಣಗಿತ್ತು.

ಆಮೇಲೆ ಅವಳು ಹೇಳಿದಳು: "ಅಕ್ಕಾ, ನೀರ ಕೊಡ."

ಅವಳು ಅದನ್ನು ಮೆಲ್ಲಗೇ ಹೇಳಿದಳು. ಕಟ್ಟೆಯ ಮೇಲೆ ಅತ್ತೆಯ ಕೈಯಲ್ಲಿ ತಿರುಗುತ್ತಿದ್ದ ಜಪದ ಸರ ನಿಂತಿತು.

"ಏನ ಕೇಳಿದ್ಲು?" ಎಂದರು, ಒಳಗೆ ತಿರುಗಿ.

"ನೀರು."

ಅತ್ತೆ ಎದ್ದು ಬಂದರು. ದೀಪ ಹಾಕಿದರು. ಸೊಸೆಯ ಮುಖ ನೋಡಿದರು. ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು, ಪಾದ ಮುಟ್ಟಿ ನೋಡಿದರು. ಹೊಟ್ಟೆಯ ಮೇಲೆ ಕೈ ಇಟ್ಟಾಗ ತಂಗಿ ಅವರ ಕೈಯನ್ನು ತಳ್ಳಿದಳು. ಅತ್ತೆಯ ಕೈಯನ್ನು ಅವಳು ಹಾಗೆ ತಳ್ಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅತ್ತೆ ಸೀರೆಯ ನಿರಿಗೆ ಸ್ವಲ್ಪ ಸರಿಸಿ ನೋಡಿದರು. ರಕ್ತ ಇತ್ತು. ಹೆಚ್ಚಿರಲಿಲ್ಲ.

"ಇದು ಸುಳ್ಳಲ್ಲ," ಎಂದರು. "ಇದು ಬ್ಯಾನಿನೂ ಅಲ್ಲ."

ಅಂಗಳಕ್ಕೆ ಹೋಗಿ ಮಗನ ಹೆಸರು ಹಿಡಿದು ಕೂಗಿದರು. ಅವನು ಓಡಿ ಬಂದ. ಜೀಪಿನವನ ಮನೆ ಅದೇ ದಾರಿಯಲ್ಲಿ ಇನ್ನೂ ಒಳಗೆ, ಪಕ್ಕದ ತೋಟದಲ್ಲೇ ಇತ್ತು. ಜೀಪು ಬೇಗನೆ ಅಂಗಳಕ್ಕೆ ಬಂತು. ತಂಗಿಯನ್ನು ಕೌದಿಯ ಸಮೇತ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ತಲೆ ಅತ್ತೆಯ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ.

ದಾರಿಯಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಎರಡನೆಯ ಟ್ರೇಲರಿನ ಒಂದು ಗಾಲಿ ಕಾಲುವೆಯ ಅಂಚಿನ ಹಸಿಮಣ್ಣಿನಲ್ಲಿ ಕುಸಿದಿತ್ತು. ಡ್ರೈವರ್ ಎಂಜಿನ್ ಜೋರು ಮಾಡಿದಷ್ಟೂ ಅದು ಕೆಳಗೆ ಇಳಿಯುತ್ತಿತ್ತು. ಗ್ಯಾಂಗಿನವರು ಗಾಲಿಯ ಕೆಳಗೆ ಕಲ್ಲು ಕೊಡುತ್ತಿದ್ದರು. ಪಕ್ಕದಿಂದ ಜೀಪು ದಾಟುವಷ್ಟು ಜಾಗ ಇರಲಿಲ್ಲ.

ತಂಗಿಯ ಗಂಡ ಇಳಿದು ಹೋಗಿ ಟ್ರೇಲರಿಗೆ ಬಿಗಿದಿದ್ದ ಹಗ್ಗಕ್ಕೆ ಕೈ ಹಾಕಿದ. "ಕಬ್ಬ ಕೆಳಗ ಒಗೀರಿ. ಎಲ್ಲಾ ಒಗೀರಿ."

"ಕಾಯ ಝಾಲಾ?" ಎಂದು ಮುಕಾದಮ ಮರಾಠಿಯಲ್ಲಿ ಕೇಳಿದ. ಏನಾಯಿತು ಎಂದು. ಗ್ಯಾಂಗಿನ ಒಬ್ಬ ಹೆಂಗಸು ಆಗಲೇ ಜೀಪಿನೊಳಗೆ ಇಣುಕಿ ನೋಡಿದ್ದಳು. ಅವಳು ತಿರುಗಿ ತನ್ನವರಿಗೆ ಕೂಗಿ ಹೇಳಿದಳು: "ಬಾಯಿ ಅಡಲೀಯ ರೇ! ಮೋಳ್ಯಾ ಖಾಲೀ ಟಾಕಾ!" ಹೆಂಗಸು ಹೆರಲಾಗದೆ ಕಷ್ಟದಲ್ಲಿದ್ದಾಳೆ, ಹೊರೆ ಕೆಳಗೆ ಚೆಲ್ಲಿರಿ ಎಂದು. ಬೆಳಗಿನಿಂದ ಹಲಗೆ ಹತ್ತಿ ಒಟ್ಟಿದ್ದ ಗಂಡಸರು ಮತ್ತೆ ಟ್ರೇಲರ್ ಏರಿದರು. ಹೊರೆಗಳನ್ನು ಎರಡೂ ಕಡೆಯ ಕಾಲುವೆಗೆ ತಳ್ಳಿದರು. ಬರಿದಾದ ಟ್ರೇಲರಿನ ಕೊಂಡಿ ಕಳಚಿ, ಎಲ್ಲರೂ ಭುಜ ಕೊಟ್ಟು ಅದನ್ನು ಕಬ್ಬಿನ ಮೇಲೆಯೇ ಕಾಲುವೆಗೆ ಉರುಳಿಸಿದರು. ಟ್ರ್ಯಾಕ್ಟರ್ ಮುಂದಿನ ಟ್ರೇಲರನ್ನು ಎಳೆದುಕೊಂಡು ಡಾಂಬರು ರಸ್ತೆಯವರೆಗೆ ಹೋಗಿ ಪಕ್ಕಕ್ಕೆ ಸರಿಯಿತು. ಜೀಪು ಹಿಂದೆಯೇ ಹೋಯಿತು. ಅಷ್ಟು ಹೊತ್ತೂ ತಂಗಿ ಕಣ್ಣು ತೆರೆದೇ ಇದ್ದಳು.

"ಪಾಳಿ ಮತ್ತ ಹೋತೇನ್ರಿ ಅತ್ತಿ?" ಎಂದು ಒಮ್ಮೆ ಕೇಳಿದಳು.

"ಸುಮ್ಮ ಮಲಕೊ ನನ್ನವ್ವಾ."

ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಸಾಲು ಇತ್ತು. ಹಂಗಾಮಿನಲ್ಲಿ ಅದು ದಿನವೂ ಇರುವಂಥದ್ದೇ. ಡ್ರೈವರ್ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಅತ್ತೆ ಣಮೋಕಾರ ಮಂತ್ರ ಹೇಳುತ್ತಿದ್ದರು. ನಡುನಡುವೆ ನಿಲ್ಲಿಸಿ ತಮ್ಮ ಸೆರಗಿನ ತುದಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿ ಸೊಸೆಯ ತುಟಿಗೆ ಹಚ್ಚುತ್ತಿದ್ದರು. ಆಪರೇಷನ್ ಆಗಬಹುದು, ಕುಡಿಸಬೇಡಿ ಎಂದು ನಾನು ಹೇಳಿದ್ದೆ. ಕಾಗವಾಡ ದಾಟಿದ ಮೇಲೆ ತಂಗಿ ನೀರು ಕೇಳುವುದನ್ನು ನಿಲ್ಲಿಸಿದಳು. ನಾನು ಅವಳ ಪಾದಗಳನ್ನು ಉಜ್ಜುತ್ತಲೇ ಇದ್ದೆ. ಅವು ಬಿಸಿಯಾಗಲಿಲ್ಲ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ ಇದ್ದರು. ನಾಡಿ ಹಿಡಿದು, ಹೊಟ್ಟೆ ಮುಟ್ಟಿ ನೋಡಿದರು. ಸ್ಟ್ರೆಚರನ್ನು ಒಳಗೆ ತಳ್ಳುತ್ತಿರುವಾಗಲೇ ನಮ್ಮನ್ನು ಒಂದೇ ಪ್ರಶ್ನೆ ಕೇಳಿದರು. ನೋವು ಯಾವಾಗ ಶುರುವಾಯಿತು ಎಂದು ಅವರು ಕೇಳಲಿಲ್ಲ.

"ಬ್ಯಾನಿ ಯಾವಾಗ ನಿಂತ್ವು?"

ಅತ್ತೆ ಉತ್ತರ ಕೊಟ್ಟರು. "ಕಷಾಯ ಕುಡದ ಮ್ಯಾಲ್ರಿ. ಹೊತ್ತ ಮುಳಗೂ ಮೊದಲ."

ನಾವು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತೆವು. ತಂಗಿಯ ಗಂಡ ರಕ್ತ ಕೊಡಲು ಹೋದ. ಅವನ ಅಂಗಿಯ ತೋಳಿಗೆ, ಕೂದಲಿಗೆ ಕಬ್ಬಿನ ಸೋಗೆಯ ಪುಡಿ ಅಂಟಿತ್ತು. ಅತ್ತೆಯ ಕೈಯಲ್ಲಿ ಖಾಲಿ ತಂಬಿಗೆ ಇತ್ತು. ಯಾರೋ ಕಾಂಪೌಂಡಿನ ಅಂಗಡಿಯಿಂದ ಚಹಾ ತಂದು ಕೊಟ್ಟರು. ಅತ್ತೆ ಬೇಡವೆಂದು ತಲೆ ಅಲ್ಲಾಡಿಸಿದರು.

ಡಾಕ್ಟರಮ್ಮ ಹೊರಗೆ ಬಂದು ಹೇಳಿದ್ದು ಇಷ್ಟು. ಹಳೆಯ ಆಪರೇಷನ್ನಿನ ಹೊಲಿಗೆ ಇದ್ದ ಜಾಗದಲ್ಲಿ ಗರ್ಭಚೀಲ ಹರಿದು ಬಿಟ್ಟುಕೊಂಡಿತ್ತು. ಅದು ಬಿಟ್ಟ ಕೂಡಲೇ ನೋವು ನಿಲ್ಲುತ್ತದೆ, ಒಳಗೆ ರಕ್ತ ಹೋಗುತ್ತಿರುತ್ತದೆ. ಆ ರಕ್ತ ಮೇಲಕ್ಕೇರಿದರೆ ಭುಜ ನೋಯುತ್ತದೆ. ರಕ್ತ ನಿಲ್ಲಿಸಲು ಗರ್ಭಚೀಲವನ್ನೇ ತೆಗೆಯಬೇಕಾಯಿತು. ತಾಯಿ ಇದ್ದಾಳೆ. ಕೂಸು ಗಂಡು. ಎದೆಬಡಿತ ಸಿಕ್ಕಿದೆ, ಅತ್ತಿಲ್ಲ.

"ಅಡ್ಡಾಡಿಸಿದ್ದಕ್ಕ ಹಿಂಗ ಆತೇನ್ರಿ?" ಎಂದು ಅತ್ತೆ ಕೇಳಿದರು.

"ಅಡ್ಡಾಡಿಸಿದ್ದಕ್ಕಲ್ರಿ ಅಮ್ಮಾ. ಇಲ್ಲಿ ಇರಲಿಲ್ಲಲ್ಲಾ, ಅದಕ್ಕ."

ಕೂಸು ಮರುದಿನ ಮಧ್ಯಾಹ್ನದವರೆಗೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಆಮೇಲೆ ತಂಗಿಯ ಗಂಡ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಊರಿಗೆ ಒಯ್ದ. ತೋಟದ ಬದುವಿನಲ್ಲಿ ಮಣ್ಣು ಮಾಡಿದರು. ಗ್ಯಾಂಗು ಆಗ ಅಲ್ಲೇ ಇತ್ತು. ಕಾಲುವೆಗೆ ತಳ್ಳಿದ್ದ ಕಬ್ಬನ್ನು ಅವರೇ ಎತ್ತಿ ಮತ್ತೆ ತುಂಬಿದ್ದರು. ಉಳಿದ ಕಬ್ಬನ್ನೂ ಕಡಿದು ಹೋದರು. ತಂಗಿಗೆ ಎಚ್ಚರವಾಗಿ ವಿಷಯ ಹೇಳಿದ ಮೇಲೆ ಅವಳು ಕೇಳಿದ ಮೊದಲ ಮಾತು, "ಖರೇದ ಇತ್ತೇನು ಹಂಗಾರ?" ಎಂಬುದು.

ನಂತರದ ವರ್ಷಗಳಲ್ಲಿ ನಾನು ಆ ಮನೆಗೆ ಹಲವು ಸಲ ಹೋಗಿದ್ದೇನೆ. ಸುತ್ತಲಿನ ತೋಟಗಳಿಂದ ಅತ್ತೆಯನ್ನು ಈಗಲೂ ಕರೆಯುತ್ತಾರೆ. ಅವರು ಹೋಗುತ್ತಾರೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿಯ ಹೆಂಗಸರು ಜೀರಿಗೆ ಹುರಿದು ಇಟ್ಟುಕೊಂಡೇ ಕಾಯುತ್ತಿದ್ದರು. ಅತ್ತೆ ಹೊಸ್ತಿಲ ಹೊರಗೇ ನಿಂತು ಕೇಳಿದರು: "ಹೊಟ್ಟಿ ಮ್ಯಾಲ ಹೊಲಿಗಿ ಐತೇನು?" ಇಲ್ಲ ಎಂದ ಮೇಲೆ ಒಳಗೆ ಹೋದರು.

ಅವರ ಕಿರಿಯ ಮಗನಿಗೆ ಮದುವೆಯಾಯಿತು. ಆ ಸೊಸೆಯ ಚೊಚ್ಚಲು ರಾಯಬಾಗದ ತವರಿನಲ್ಲಿ, ಆಪರೇಷನ್ ಮಾಡಿ ಆಯಿತು. ಎರಡನೆಯದು ಗಂಡನ ಮನೆಯ ಪಾಲಿಗೆ ಬಂತು. 2015ರ ಡಿಸೆಂಬರಿನಲ್ಲಿ, ದಿನ ತುಂಬಲು ಇನ್ನೂ ಸಮಯವಿರುವಾಗಲೇ, ಅತ್ತೆ ಮಿರಜ್‌ನಲ್ಲಿ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದರು. ಒಲೆ, ಪಾತ್ರೆ, ಹಾಸಿಗೆ ಒಯ್ದರು. ಸೊಸೆಯ ಜೊತೆ ರಾತ್ರಿ ಮಲಗಲು ನನ್ನ ತಂಗಿ ಹೋದಳು. ಗಂಡಸರೂ ಅಲ್ಲಿಗೆ ಹೋಗಿ ಬಂದು ಮಾಡುತ್ತಿದ್ದರು.

ಹೆಣ್ಣು ಕೂಸು ಹುಟ್ಟಿತು. ಅದು ಹುಟ್ಟಿದ ದಿನ ಕಬ್ಬಿನ ಪಾಳಿ ಬಂದಿತ್ತು. ಮುಕಾದಮ ತೋಟಕ್ಕೆ ಬಂದು ನೋಡಿದಾಗ ಮನೆಗೆ ಬೀಗ ಹಾಕಿತ್ತು.